ಕೃತಕ ಕಾಲಿದ್ದವನು ಸ್ಕೌಟ್ ಮಾಷ್ಟ್ರಾಗಬಹುದಾ?

ಪೆರ್ಲದವ:
ನಮ್ಮೂರಿನ (ಕೇರಳದ ಕಾಸರಗೋಡು ಜಿಲ್ಲೆ) ಸ್ಕೌಟ್ ದಳ ನೋಡಿಕೊಳ್ಳುತ್ತಿದ್ದ ಮಾಷ್ಟ್ರಿಗೆ ವರ್ಗವಾಯಿತು. ಈಗ ನನ್ನನ್ನು ಕೇಳುತ್ತಿದ್ದಾರೆ, ಚಿಕ್ಕಂದಿನಲ್ಲಿ ನಾನೂ ಸ್ಕಾರ್ಫ್ ಕಟ್ಟಿದವನೇ. ಆದರೆ 6 ವರ್ಷದ ಹಿಂದೆ ಬೈಕಿನಿಂದ ಬಿದ್ದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಜೈಪುರ ಕಾಲು ಹಾಕಿಕೊಂಡು ತೋಟ ಸುತ್ತುತ್ತೇನೆ, ಸ್ಕೂಟರ್ ಬಿಡುತ್ತೇನೆ, ಅದೇನೂ ಕಷ್ಟ ಇಲ್ಲ. ಮಕ್ಕಳು ಮೊದಲು ಕೇಳುವುದೇ ಪೊಸಡಿ ಗುಂಪೆ ಗುಡ್ಡಕ್ಕೆ ಯಾವಾಗ, ರಾಣಿಪುರಂ ಬೆಟ್ಟಕ್ಕೆ ಯಾವಾಗ ಅಂತ. ಗುಡ್ಡದಲ್ಲಿ ಒಬ್ಬ ಹುಡುಗ ಬಿದ್ದರೆ ಓಡಿ ಹೋಗಿ ಎತ್ತಲು ನನ್ನಿಂದಾಗುವುದಿಲ್ಲ ಅಲ್ವಾ. ಸುಮ್ನೆ ಬೇಡ ಅಂದುಬಿಡಲಾ?

ಹಳೇ ಸೀಟಿ:
ಯಾಕೆ ಬೇಡ? ಸ್ಕೌಟುಗಳೆಂದರೆ 10ರಿಂದ 17 ವರ್ಷದ ಹುಡುಗರು. 6ರಿಂದ 8 ಜನರ ಪೆಟ್ರೋಲ್ (ಸ್ಕೂಟರಿಗೆ ಹಾಕುವುದಲ್ಲ!), ಅದಕ್ಕೆ ಅವರಲ್ಲೇ ಒಬ್ಬ ಲೀಡರ್. ಮುಂದೆ ನಡೆಯುವುದು ಅವನ ಕೆಲಸ. ನನ್ನ ಎರಡು ಕಾಲೂ ಸರಿ ಇವೆ, ಆದರೂ ನಾನು ಯಾವತ್ತೂ ಸಾಲಿನ ಕೊನೆಗೇ, ಯಾಕೆಂದರೆ ಯಾರಿಗೆ ಸುಸ್ತಾಗಿದೆ, ಯಾರ ಚಪ್ಪಲಿ ಕಿತ್ತಿದೆ ಎಲ್ಲ ಕಾಣುವುದು ಹಿಂದಿನಿಂದಲೇ. ಓಡುವ ಬದಲು ಸೀಟಿ ಇದೆಯಲ್ಲ. 3 ಗಿಡ್ಡ, 1 ಉದ್ದ ಊದಿದರೆ ಲೀಡರುಗಳೆಲ್ಲ ನಿಮ್ಮ ಹತ್ತಿರ ಬರಬೇಕು. ಬಿದ್ದವನನ್ನು ಎರಡು ಕೋಲು, ಎರಡು ಶರ್ಟಿನ ಸ್ಟ್ರೆಚರಿನಲ್ಲಿ ಹುಡುಗರೇ ಹೊರುತ್ತಾರೆ. ಎರಡನ್ನೂ ಮೈದಾನದಲ್ಲಿ ಸಾಕೋ ಸಾಕು ಅನ್ನುವಷ್ಟು ಮಾಡಿಸಿ.

ಬದಿಯಡ್ಕದ ಅಮ್ಮ:
ಬೇಸರ ಮಾಡಬೇಡಿ, ನಾನಾದರೆ ಜೊತೆಗೆ ಬರುವ ಇನ್ನೊಬ್ಬ ದೊಡ್ಡವರು ಯಾರು ಅಂತ ಕೇಳುತ್ತೇನೆ. ಇದನ್ನು ಎಲ್ಲರಿಗೂ ಕೇಳುತ್ತೇನೆ. ಒಂದು ಕ್ಯಾಂಪಿನಲ್ಲಿ ಮಕ್ಕಳನ್ನು ಹೊಳೆಗೆ ಇಳಿಸಿ, ಇದ್ದ ಒಬ್ಬರೇ ಮಾಷ್ಟ್ರು ದಡದಲ್ಲಿ ಮೊಬೈಲ್ ನೋಡುತ್ತಿದ್ದರು. ಅವರಿಗೆ ಎರಡು ಕಾಲಿತ್ತು.

ಮುರಕಲ್ಲು:
ನನ್ನದು ಪೋಲಿಯೋ ಕಾಲು, ಊರುಗೋಲು. ಗುಂಪೆಗೆ ಮಳೆಗಾಲದಲ್ಲಿ ಹೋಗಲೇಬೇಡಿ, ಮುರಕಲ್ಲು ಪಾಚಿ ಹಿಡಿದರೆ ಎಂಥವರನ್ನೂ ಜಾರಿಸುತ್ತದೆ. ಡಿಸೆಂಬರ್ ಕಳೆಯಲಿ, ಬೆಳಿಗ್ಗೆ ಬೇಗ ಹೊರಡಿ. ಬೆವರಿಗೆ ಕೃತಕ ಕಾಲಿನ ಸಾಕೆಟ್ ಒಳಗೆ ಚರ್ಮ ಉಜ್ಜಿ ಗುಳ್ಳೆ ಬರುತ್ತದೆ, ಅದು ನಿಮಗೇ ಗೊತ್ತಿರುತ್ತದೆ, ಒಣ ಕಾಲುಚೀಲ 2 ಜಾಸ್ತಿ ಇರಲಿ. ಮಕ್ಕಳನ್ನು ಕರೆದೊಯ್ಯುವ ಮೊದಲು ನೀವೊಮ್ಮೆ ಯಾರನ್ನಾದರೂ ಕಟ್ಟಿಕೊಂಡು ಹತ್ತಿ ಬನ್ನಿ, ಎಲ್ಲಿ ಕೂರಬೇಕಾಗುತ್ತದೆ ಅಂತ ತಿಳಿಯುತ್ತದೆ. ರಾಣಿಪುರಂ 1,000 ಮೀಟರಿಗಿಂತ ಎತ್ತರ, ಅದು ಆಮೇಲೆ. ಹಾಂ, ಮೊದಲ ದಿನವೇ ಕಾಲು ಬಿಚ್ಚಿ ಮಕ್ಕಳಿಗೆ ತೋರಿಸಿಬಿಡಿ. ಇಲ್ಲದಿದ್ದರೆ ತಿಂಗಳುಗಟ್ಟಲೆ ಕದ್ದು ನೋಡುತ್ತಾರೆ.

ಪೆರ್ಲದವ:
ಶನಿವಾರ ಹೋಗಿ ಹೂಂ ಅಂದು ಬಂದೆ. ಭಾವ ಜೊತೆಗೆ ಬರುತ್ತಾನೆ. ಕಾಲು ಬಿಚ್ಚಿ ತೋರಿಸಿದೆ. ಒಬ್ಬ ಕೈಗೆತ್ತಿಕೊಂಡು ತೂಕ ನೋಡಿದ, ಇನ್ನೊಬ್ಬ ಒದ್ದೆಯಾದರೆ ಬಿಸಿಲಿಗೆ ಒಣಗಿಸುವುದಾ ಅಂತ ಕೇಳಿದ. ಗುಂಪೆ ಜನವರಿಗೆ. ಇನ್ನೊಂದು ಹೆದರಿಕೆ ಉಂಟು, ಮಾಷ್ಟ್ರುಗಳ ಟ್ರೈನಿಂಗ್ ಮಲಯಾಳದಲ್ಲಾ?

ಹಳೇ ಸೀಟಿ:
ನಾನು ಹೋದಾಗ ಜಾಸ್ತಿ ಮಲಯಾಳವೇ. ಈ ಸಲ ನಾನೂ ಬರುತ್ತೇನೆ, ಪಕ್ಕದಲ್ಲಿ ಕೂತುಕೊಳ್ಳಿ, ತುಳುವಿನಲ್ಲಿ ಹೇಳುತ್ತೇನೆ.