ನಾಲ್ಕು ದೆವ್ವದ ಕಿರುಚಿತ್ರ ಸೇರಿಸಿ ಒಂದೇ ಸಿನಿಮಾ: ಯಾವುದು ಮೊದಲು, ಯಾವುದು ಕೊನೆಗೆ, ಇಂಟರ್ವಲ್ ಎಲ್ಲಿ?

ಮಧ್ಯರಾತ್ರಿ_ಕಟ್ ಕೇಳಿದ್ದು:

ನಾಲ್ವರು ನಿರ್ದೇಶಕರ ನಾಲ್ಕು ಹಾರರ್ ಕಥೆಗಳು ಎಡಿಟ್ ಆಗಿ ಸಿದ್ಧವಾಗಿವೆ. ಬಾಡಿಗೆ ಮನೆಯ ದೆವ್ವದ ಕಥೆ 24 ನಿಮಿಷ, ನೇರವಾದದ್ದು. ಕಸಾಯಿಖಾನೆಯ ಕಥೆ 28 ನಿಮಿಷ, ರಕ್ತಪಾತ ಜಾಸ್ತಿ. ನಗಿಸುವ ದೆವ್ವದ್ದು 16 ನಿಮಿಷ. ಸತ್ತ ತಾಯಿ ಮನೆಗೆ ಮರಳುವ ಕಥೆ 31 ನಿಮಿಷ, ನಿಧಾನಗತಿ, ನಾಲ್ಕರಲ್ಲಿ ಅತಿ ಭಯಾನಕ ಇದೇ. ಒಟ್ಟು 99 ನಿಮಿಷ. ಮೊದಲು ಥಿಯೇಟರ್, ಆಮೇಲೆ ಓಟಿಟಿ ಎಂಬ ಯೋಚನೆ. ನಾಲ್ಕನ್ನೂ ಒಟ್ಟಿಗೆ ಹೆಣೆಯುವ ಚೌಕಟ್ಟಿನ ಕಥೆಗೆ ಎರಡು ದಿನ ಶೂಟಿಂಗ್ ಮಾಡುವಷ್ಟು ಹಣವಿದೆ.

ಆಂಥಾಲಜಿ ನೋಡಿ ಹೊರಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಒಂದು ಕಥೆ ಚೆನ್ನಾಗಿತ್ತು, ಉಳಿದದ್ದು ಪರವಾಗಿಲ್ಲ." ಕಥೆಗಳ ಕ್ರಮದಿಂದ ಇದನ್ನು ಎಷ್ಟು ಮಟ್ಟಿಗೆ ತಪ್ಪಿಸಬಹುದು? ಚೌಕಟ್ಟು ಬೇಕೇಬೇಕಾ?

ಕತ್ತರಿಮೇಜು:

ಪ್ರೇಕ್ಷಕರು ಕಥೆಗಳನ್ನು ಹೋಲಿಸಿ ಅಂಕ ಕೊಡುವುದನ್ನು ಯಾರೂ ತಪ್ಪಿಸಲಾರರು. ನಿಮ್ಮ ಕೈಯಲ್ಲಿರುವುದು ಕಥೆಗಳ ನಡುವಿನ ಬೆಸುಗೆ. ಪ್ರತಿ ಕಥೆ ಮುಗಿದಾಗ ಹುಟ್ಟಿದ ಭಯ ಪೂರ್ತಿ ಇಳಿದುಹೋಗುತ್ತದೆ. ಮುಂದಿನ ಕಥೆ ಮತ್ತೆ ಸೊನ್ನೆಯಿಂದ ಏರಬೇಕು: ಹೊಸ ಮುಖ, ಹೊಸ ಮನೆ, ಹೊಸ ನಿಯಮ. ಒಂದೇ ಸಂಜೆಯಲ್ಲಿ ಈ ಕೆಲಸವನ್ನು ನಾಲ್ಕು ಸಲ ಮಾಡಿಸಿದರೆ ಮೂರನೆಯ ಹೊತ್ತಿಗೆ ಪ್ರೇಕ್ಷಕ ದಣಿದಿರುತ್ತಾನೆ.

ನನ್ನ ಕ್ರಮ: ಬಾಡಿಗೆ ಮನೆ, ಕಸಾಯಿಖಾನೆ, ಇಂಟರ್ವಲ್, ನಗೆ ದೆವ್ವ, ತಾಯಿ.

ಇಂಟರ್ವಲ್ ಮುಗಿದ ಮೇಲೆ ಮೊದಲ ಐದಾರು ನಿಮಿಷ ಜನ ಪಾಪ್‌ಕಾರ್ನ್ ಹಿಡಿದು ಸೀಟು ಹುಡುಕುತ್ತಿರುತ್ತಾರೆ. ಆ ಗದ್ದಲದಲ್ಲಿ ನಿಧಾನಗತಿಯ ತಾಯಿ ಕಥೆ ಶುರುವಾದರೆ ಅದರ ಮೌನವೆಲ್ಲ ಹಾಳು. ನಗೆಯ ಕಥೆ ಗದ್ದಲವನ್ನು ತಡೆದುಕೊಳ್ಳುತ್ತದೆ, ಚದುರಿದ ಗಮನವನ್ನು ಒಂದೆಡೆ ತರುತ್ತದೆ. 1945ರಲ್ಲಿ ಈಲಿಂಗ್ ಸ್ಟುಡಿಯೋ ತೆಗೆದ 'ಡೆಡ್ ಆಫ್ ನೈಟ್' ಚಿತ್ರದಲ್ಲೂ ಗಾಲ್ಫ್ ಆಟಗಾರರ ತಮಾಷೆಯ ಕಥೆ ಬರುವುದು ಮಾತಾಡುವ ಬೊಂಬೆಯ ಕಥೆಗೆ ಸ್ವಲ್ಪವೇ ಮೊದಲು. ಗಾಲ್ಫ್ ಕಥೆ ದುರ್ಬಲ ಎಂದು ದೂರುವವರು ಇಂದಿಗೂ ಇದ್ದಾರೆ. ಆದರೆ ನಕ್ಕು ಸಡಿಲವಾದ ಪ್ರೇಕ್ಷಕನ ಮೇಲೆ ಬೊಂಬೆ ಎರಗುವುದರಿಂದಲೇ ಅದರ ಪೆಟ್ಟು ಅಷ್ಟು ಜೋರು.

ಒಂದು ಎಚ್ಚರಿಕೆ. ನಗೆಯ ಕಥೆಯಲ್ಲಿ ನಗು ಮನುಷ್ಯರ ಮೇಲಿರಲಿ, ದೆವ್ವದ ಮೇಲಲ್ಲ. ದೆವ್ವವೇ ಪೆದ್ದಾದರೆ ಮುಂದಿನ ಕಥೆಯಲ್ಲಿ ತಾಯಿ ಬಾಗಿಲು ತಟ್ಟಿದಾಗಲೂ ಬಾಲ್ಕನಿಯಿಂದ ನಗು ಕೇಳಿಸುತ್ತದೆ.

ಚೌಕಟ್ಟಿನ ವಿಷಯಕ್ಕೆ ಬರೋಣ. 'ಸತ್ತಿರುವುದು ನೀವೇ' ಎಂಬ ತಿರುವು ಬೇಡ. ಬ್ರಿಟನ್ನಿನ ಅಮಿಕಸ್ ಸಂಸ್ಥೆ 1965ರಲ್ಲಿ ರೈಲಿನ ಡಬ್ಬಿಯಲ್ಲಿ, 1973ರಲ್ಲಿ ಲಿಫ್ಟ್‌ನಲ್ಲಿ ಅದನ್ನೇ ಬಳಸಿ ಬಳಸಿ ಸವೆಸಿಬಿಟ್ಟಿದೆ. ಚೌಕಟ್ಟು ಹೇಗಿರಬೇಕೆಂದು ಬೇತಾಳನಿಂದ ಕಲಿಯಬೇಕು. ಚಂದಮಾಮ ಓದಿದವರಿಗೆಲ್ಲ ಗೊತ್ತು: ಉತ್ತರ ಗೊತ್ತಿದ್ದೂ ರಾಜ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಇಪ್ಪತ್ತೈದು ಕಥೆಗಳನ್ನು ಹಿಡಿದಿಟ್ಟಿರುವುದು ಆ ಇಕ್ಕಟ್ಟು. ಕಥೆ ಕೇಳುವವನಿಗೆ ಕಳೆದುಕೊಳ್ಳಲು ಏನೋ ಇರಬೇಕು, ಪ್ರತಿ ಸಲ ಚೌಕಟ್ಟಿಗೆ ಮರಳಿದಾಗ ಅಲ್ಲಿ ಏನೋ ಬದಲಾಗಿರಬೇಕು. 2003ರ 'ಡರ್ನಾ ಮನಾ ಹೈ'ಯಲ್ಲಿ ಕಾಡಿನಲ್ಲಿ ಸಿಕ್ಕಿಬಿದ್ದ ಗೆಳೆಯರು ಕಥೆ ಹೇಳುತ್ತಾ ಹೋದಂತೆ ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಆರು ಕಥೆಗಳ ಮಟ್ಟ ಒಂದೇ ಸಮ ಇಲ್ಲದಿದ್ದರೂ ಮುಂದೆ ಯಾರು ಎಂಬ ಪ್ರಶ್ನೆ ಜನರನ್ನು ಕೂರಿಸುತ್ತದೆ.

ಅಳತೆ: ಆರಂಭಕ್ಕೆ 3 ನಿಮಿಷ, ನಡುವೆ ಮರಳುವಾಗ 60ರಿಂದ 90 ಸೆಕೆಂಡ್, ಕೊನೆಗೆ ಎರಡೂವರೆ ನಿಮಿಷ. ಒಟ್ಟು ಒಂಬತ್ತು ದಾಟದಿರಲಿ. ಮೊದಲರ್ಧ 57 ನಿಮಿಷದ ಹತ್ತಿರ, ದ್ವಿತೀಯಾರ್ಧ 51ರ ಹತ್ತಿರ ಬರುತ್ತದೆ. ಇಂಟರ್ವಲ್ ಕಾರ್ಡನ್ನು ಕಸಾಯಿಖಾನೆ ಮುಗಿದ ತಕ್ಷಣ ಹಾಕಬೇಡಿ. ಮುಗಿದ ಕಥೆಯಲ್ಲಿ ಮುಂದೇನು ಎಂಬ ಕುತೂಹಲ ಇರುವುದಿಲ್ಲ. ಚೌಕಟ್ಟಿಗೆ ಬಂದು, ಅಲ್ಲೊಂದು ಪ್ರಶ್ನೆ ಎತ್ತಿ, ಆಮೇಲೆ ಇಂಟರ್ವಲ್.

ಧ್ವನಿಪಟ್ಟಿ:

ಕ್ರಮಕ್ಕೆ ನನ್ನ ಒಪ್ಪಿಗೆಯಿದೆ. ನಾಲ್ಕು ತಂಡಗಳ ಕೆಲಸ ಒಂದು ಡಿಸಿಪಿಗೆ (ಥಿಯೇಟರ್‌ಗೆ ಕೊಡುವ ಡಿಜಿಟಲ್ ಪ್ರತಿ) ಸೇರುವಾಗ ಕೆಡುವುದು ಬೇರೆ ಕಡೆ, ಅದನ್ನು ಈಗಲೇ ನೋಡಿಕೊಳ್ಳಿ.

ಮೊದಲು ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು. ಯಾವುದಾದರೂ ಕಥೆ 25ರಲ್ಲಿ ಶೂಟ್ ಆಗಿದ್ದು ಉಳಿದದ್ದು 24 ಇದ್ದರೆ, 25ರದ್ದನ್ನು 24ಕ್ಕೆ ನಿಧಾನಿಸಬೇಕು. 31 ನಿಮಿಷದ್ದು 32 ನಿಮಿಷ 17 ಸೆಕೆಂಡ್ ಆಗುತ್ತದೆ. ಪಿಚ್ (ಸ್ವರದ ಎತ್ತರ) ಸರಿಪಡಿಸದಿದ್ದರೆ ದನಿ ಅರ್ಧ ಸ್ವರಕ್ಕಿಂತ ಕೊಂಚ ಕಡಿಮೆ ತಗ್ಗುತ್ತದೆ. 30ರಲ್ಲಿ ತೆಗೆದದ್ದು ಇನ್ನೂ ಕಷ್ಟ, ನಿಧಾನವಾದ ಪ್ಯಾನ್ (ಕ್ಯಾಮೆರಾ ಪಕ್ಕಕ್ಕೆ ತಿರುಗುವುದು) ಎಲ್ಲ ಜರ್ಕ್ ಹೊಡೆಯುತ್ತದೆ. ಹಾರರ್‌ನಲ್ಲಿ ನಿಧಾನ ಪ್ಯಾನ್ ಇಲ್ಲದ ದೃಶ್ಯವೇ ಅಪರೂಪ.

ಆಮೇಲೆ ಚೌಕದ ಅಳತೆ. ಡಿಸಿಪಿ ಒಂದೋ ಹೆಚ್ಚು ಅಗಲವಾದ ಸ್ಕೋಪ್ (2048×858 ಪಿಕ್ಸೆಲ್), ಇಲ್ಲವೇ ಅಷ್ಟು ಅಗಲವಿಲ್ಲದ ಫ್ಲಾಟ್ (1998×1080). ನಡುವೆ ಬದಲಿಸಲು ಆಗುವುದಿಲ್ಲ. ಕೊನೆಯ ಕಥೆ ಯಾವುದರಲ್ಲಿದೆಯೋ ಅದನ್ನೇ ಇಟ್ಟುಕೊಳ್ಳಿ, ಉಳಿದವಕ್ಕೆ ಕಪ್ಪು ಪಟ್ಟಿ ಬರಲಿ.

ಎಲ್ಲಕ್ಕಿಂತ ಮುಖ್ಯ, ಸೌಂಡ್. ನಾಲ್ಕು ಕಡೆ ಮಿಕ್ಸ್ ಆದ ಕಥೆಗಳನ್ನು ಜೋಡಿಸುವಾಗ ಅನೇಕರು ಕಿರುಚಾಟದ ಪೀಕ್‌ಗಳನ್ನು (ಅತಿ ಜೋರಾದ ಸದ್ದುಗಳನ್ನು) ಸರಿಹೊಂದಿಸುತ್ತಾರೆ. ಅದು ತಪ್ಪು. ಮೊದಲು ಸಾಧಾರಣ ಮಾತಿನ ಲೆವೆಲ್ ನಾಲ್ಕರಲ್ಲೂ ಒಂದೇ ಮಾಡಿ. ಒಂದು ಕಥೆಯ ಮಾತಿಗೆ ಕಿವಿ ಹೊಂದಿಕೊಂಡಿರುತ್ತದೆ. ಮುಂದಿನದು ಸಣ್ಣದಾದರೆ ಗೊಣಗಿದಂತೆ ಕೇಳಿಸುತ್ತದೆ, ದೊಡ್ಡದಾದರೆ "ಊಟ ಆಯ್ತಾ" ಎಂಬ ಮಾತಿಗೇ ಜನ ಬೆಚ್ಚುತ್ತಾರೆ. ಬೆಚ್ಚಿಸುವ ದೊಡ್ಡ ಸದ್ದು ನಾಲ್ಕೂ ಕಥೆ ಸೇರಿ ಐದಾರಕ್ಕಿಂತ ಹೆಚ್ಚಿದ್ದರೆ ಕೆಲವನ್ನು ಕಿತ್ತುಹಾಕಿ. ಮೂರನೆಯ ಸದ್ದಿನ ಮೇಲೆ ಜನ ಕಿವಿ ಮುಚ್ಚಿಕೊಂಡು ಕಾಯುತ್ತಾರೆ, ಪರದೆಯನ್ನು ನೋಡುವುದಿಲ್ಲ. ಪ್ರತಿ ಸಲ ಬೆಚ್ಚಿಸಿದ ಮೇಲೆ ಎರಡು ಮೂರು ಸೆಕೆಂಡ್ ಮಾತಿಲ್ಲದೆ ಬಿಡಿ. ತುಂಬಿದ ಹಾಲ್‌ನಲ್ಲಿ ಕಿರುಚಿದ ಬೆನ್ನಿಗೇ ನಗು ಬರುತ್ತದೆ. ಅದು ಸಿನಿಮಾ ಸೋತ ಲಕ್ಷಣವಲ್ಲ, ಬಿಗಿದ ಉಸಿರು ಹೊರಬೀಳುವ ರೀತಿ. ಆ ಗದ್ದಲದಲ್ಲಿ ಬಂದ ಡೈಲಾಗ್ ಯಾರಿಗೂ ಕೇಳಿಸದು.

ಕಥೆಗಳ ನಡುವೆ ಬಿಳಿ ಹಿನ್ನೆಲೆಯ ಟೈಟಲ್ ಕಾರ್ಡ್ ಬೇಡವೇ ಬೇಡ. ಹಾಲ್ ಬೆಳಗಿ ಅಕ್ಕಪಕ್ಕದವರ ಮುಖ ಕಂಡರೆ ಭಯ ಅಲ್ಲಿಗೇ ಮುಗಿಯಿತು. ನಾಲ್ಕೈದು ಸೆಕೆಂಡ್ ಕಪ್ಪು, ಮಂದ ಅಕ್ಷರ. ಪ್ರತಿ ಕಥೆಯ ಹೆಸರುಪಟ್ಟಿಯೂ ಸಿನಿಮಾದ ಕೊನೆಗೇ ಹೋಗಲಿ.

ಮಧ್ಯರಾತ್ರಿ_ಕಟ್:

ಇಬ್ಬರಿಗೂ ತುಂಬಾ ಧನ್ಯವಾದ. ಇನ್ನೊಂದು ಸಂದೇಹ. ಕಸಾಯಿಖಾನೆ ಕಥೆಯಿಂದ ಸೆನ್ಸಾರ್‌ನಲ್ಲಿ ತೊಂದರೆ ಆಗಬಹುದೆಂಬ ಭಯವಿದೆ. ಆಗ ಅದನ್ನು ತೆಗೆದು ಮೂರೇ ಕಥೆ ಬಿಡಬಹುದಾ? ಮತ್ತೆ, ಓಟಿಟಿಗೂ ಇದೇ ಕ್ರಮವಾ?

ಕೊನೇ_ಸಾಲು:

ಸರ್ಟಿಫಿಕೇಟ್ ಇಡೀ ಸಿನಿಮಾಗೆ ಒಂದೇ. ಒಂದು ಕಥೆಗೆ 'ಎ' ಬಿದ್ದರೆ ನಾಲ್ಕಕ್ಕೂ 'ಎ'. ಈಗ ಯುಎ ಒಳಗೆ 7+, 13+, 16+ ಎಂದು ಮೂರು ಹಂತಗಳಿವೆ, 16+ ಗುರಿ ಇಟ್ಟುಕೊಂಡು ಮೊದಲೇ ಟ್ರಿಮ್ ಮಾಡಿ. ಕತ್ತಿ ಮಾಂಸಕ್ಕೆ ಇಳಿಯುವುದನ್ನು ತೋರಿಸುವ ಬದಲು ಸದ್ದು ಕೇಳಿಸಿ, ನೋಡುತ್ತಿರುವವನ ಮುಖ ತೋರಿಸಿದರೂ ಕಥೆ ಸೊರಗುವುದಿಲ್ಲ.

ಕಥೆ ಕಿತ್ತುಹಾಕುವ ಸಾಧ್ಯತೆ ನಿಜಕ್ಕೂ ಇದ್ದರೆ ಚೌಕಟ್ಟನ್ನು ಶೂಟ್ ಮಾಡುವ ಮೊದಲೇ ನಿರ್ಧರಿಸಿ. 'ಡೆಡ್ ಆಫ್ ನೈಟ್' ಅಮೆರಿಕಕ್ಕೆ ಹೋದಾಗ ಗಾಲ್ಫ್ ಮತ್ತು ಕ್ರಿಸ್‌ಮಸ್ ಕಥೆಗಳನ್ನು ಕತ್ತರಿಸಿದರು. ಕೊನೆಯ ದುಃಸ್ವಪ್ನದಲ್ಲಿ ಎಲ್ಲ ಕಥೆಗಳ ಜನ ಒಟ್ಟಿಗೆ ಬರುವುದರಿಂದ, ಕಾಣದ ಕಥೆಯ ಪಾತ್ರಗಳನ್ನು ನೋಡಿ ಅಲ್ಲಿನವರು ಗೊಂದಲಗೊಂಡರು. ಸತ್ಯಜಿತ್ ರಾಯ್ ಅವರ 1961ರ 'ತೀನ್ ಕನ್ಯಾ'ದಿಂದ ದೆವ್ವದ ಕಥೆ 'ಮಣಿಹಾರ'ವನ್ನು ಬಿಟ್ಟು ಎರಡೇ ಕಥೆಗಳನ್ನು ಹೊರದೇಶಕ್ಕೆ ಕಳಿಸಿದಾಗ ಇಂಥ ಗೊಂದಲವೇನೂ ಆಗಲಿಲ್ಲ, ಏಕೆಂದರೆ ಅಲ್ಲಿ ಚೌಕಟ್ಟೇ ಇರಲಿಲ್ಲ. ಆದ್ದರಿಂದ ಕಸಾಯಿಖಾನೆಯ ಪಾತ್ರಗಳನ್ನಾಗಲಿ, ವಸ್ತುಗಳನ್ನಾಗಲಿ ಚೌಕಟ್ಟಿನ ಕೊನೆಯಲ್ಲಿ ತರಬೇಡಿ. ಕಸಾಯಿಖಾನೆ ಕಥೆಗೆ ಮೊದಲಿನ ಮತ್ತು ಆಮೇಲಿನ ಚೌಕಟ್ಟಿನ ದೃಶ್ಯಗಳು ನೇರ ಜೋಡಿಸಿದರೂ ಕೂಡುವಂತೆ, ಅದೇ ಬೆಳಕು, ಅದೇ ಬಟ್ಟೆಯಲ್ಲಿ ಒಂದು ಹೆಚ್ಚುವರಿ ಶಾಟ್ ತೆಗೆದಿಡಿ.

ಓಟಿಟಿಗೆ ಕ್ರಮ ಬದಲಿಸಿ, ತಾಯಿ ಕಥೆಯನ್ನೇ ಮೊದಲು ತನ್ನಿ ಎನ್ನುವವರು ಸಿಗುತ್ತಾರೆ. ಥಿಯೇಟರ್‌ನಲ್ಲಿ ದುಡ್ಡು ಕೊಟ್ಟವನು ಕೂತಿರುತ್ತಾನೆ, ಮನೆಯಲ್ಲಿ ರಿಮೋಟ್ ಕೈಯಲ್ಲೇ ಇರುತ್ತದೆ, ನಿಜ. ಆದರೆ ಅತಿ ದೊಡ್ಡ ಭಯ ಮೊದಲೇ ಖರ್ಚಾದರೆ ಉಳಿದ ಮೂರೂ ಸಪ್ಪೆ. ಬಾಡಿಗೆ ಮನೆಯನ್ನೇ ಮೊದಲು ಉಳಿಸಿ, ಅದರ ಮೊದಲ ನಡುಕವನ್ನು ನಾಲ್ಕನೆಯ ನಿಮಿಷದ ಒಳಗೆ ತನ್ನಿ.

ಎಡಿಟ್ ಅಂತಿಮವಾಗಿ ಲಾಕ್ ಮಾಡುವ ಮೊದಲು ಹದಿನೈದು ಇಪ್ಪತ್ತು ಅಪರಿಚಿತರಿಗೆ ತೋರಿಸಿ. "ಹೇಗಿತ್ತು" ಎಂದು ಕೇಳಬೇಡಿ, ಮುಖ ನೋಡಿ ಹೊಗಳುತ್ತಾರೆ. ಹಿಂದೆ ಕೂತು ಫೋನಿನ ಬೆಳಕು ಯಾವ ನಿಮಿಷದಲ್ಲಿ ಹೊತ್ತಿತು ಎಂದು ಬರೆದುಕೊಳ್ಳಿ. ಮಾರನೆಯ ದಿನ ಫೋನ್ ಮಾಡಿ, ನೆನಪಿರುವ ಕಥೆಗಳನ್ನು ಅವರ ಮಾತಲ್ಲೇ ಹೇಳಿಸಿ. ಮೊದಲನೆಯದು, ಕೊನೆಯದು ಸುಲಭವಾಗಿ ನೆನಪಿಗೆ ಬರುತ್ತವೆ. ನಡುವಿನದು ಹೆಚ್ಚಿನವರಿಗೆ ಮರೆತಿದ್ದರೆ ಕ್ರಮ ಮುಟ್ಟುವ ಮೊದಲು ಆ ಕಥೆಯ ಮುಕ್ತಾಯ ನೋಡಿ. ಎರಡು ಕಥೆಗಳು "ಅವನೇ ದೆವ್ವ" ಎಂದು ಮುಗಿದರೆ ಎರಡನೆಯದನ್ನು ಜನ ಹತ್ತು ನಿಮಿಷ ಮೊದಲೇ ಊಹಿಸಿರುತ್ತಾರೆ. ಅಂಥದ್ದರಲ್ಲಿ ಗುಟ್ಟನ್ನು ನಡುವೆಯೇ ಬಿಟ್ಟುಕೊಡಿ. ಗುಟ್ಟು ಗೊತ್ತಾದ ಮೇಲೆ ಆ ಮನೆಯಿಂದ ನಾಯಕಿ ಹೇಗೆ ಹೊರಬೀಳುತ್ತಾಳೆ ಎಂಬುದರ ಮೇಲೆ ಉಳಿದ ನಿಮಿಷಗಳನ್ನು ನಡೆಸಿ. ಹೊಸ ಶೂಟಿಂಗ್ ಬೇಕಿಲ್ಲ, ದೃಶ್ಯಗಳ ಜಾಗ ಬದಲಿಸಿದರೆ ಬಹುಮಟ್ಟಿಗೆ ಸಾಧ್ಯ.