'ಬ್ಯಾಡ್ ಸೆಕ್ಟರ್'ಗೆ ಕನ್ನಡ ಪದ ಬೇಕು, ಶನಿವಾರದೊಳಗೆ

ಎಲ್ಲರಿಗೂ ನಮಸ್ಕಾರ.

ನಮ್ಮೂರ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಶನಿವಾರ ಪ್ರಿಂಟಿಗೆ ಕೊಡಬೇಕು. ಅಲ್ಲಿನ ಹಳೇ ಮಷೀನುಗಳಲ್ಲಿ ಫೈಲ್ ಕಾಪಿ ಮಾಡುವಾಗ ಅರ್ಧಕ್ಕೇ ನಿಂತು 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಅಂತ, ಅಂದರೆ ಓದಿದ ಡೇಟಾ ಸರಿಯಿಲ್ಲ ಅಂತ ಬರುತ್ತದೆ. ಮಕ್ಕಳು ಮತ್ತೆ ಮತ್ತೆ ಒತ್ತುತ್ತಾರೆ. ಡಿಸ್ಕ್ ಇನ್ನೂ ಹಾಳಾಗುತ್ತದೆ ಅನ್ನುವ ಭಯ ನನಗೆ. ಈಗ ಕರಡಿನಲ್ಲಿ 'ದೋಷಯುಕ್ತ ವಲಯ', 'ವಿಫಲಗೊಳ್ಳುತ್ತಿರುವ ಚಾಲಕ' ಅಂತ ಇದೆ. ಓದಿದ ಮೇಷ್ಟ್ರಿಗೇ ಅರ್ಥವಾಗಲಿಲ್ಲ. ಡಿಸ್ಕಿನಲ್ಲಿ ಕೆಟ್ಟ ಜಾಗ ಅನ್ನುವ 'ಬ್ಯಾಡ್ ಸೆಕ್ಟರ್'ಗೂ ಕೆಡುತ್ತಿರುವ ಡಿಸ್ಕ್ ಅನ್ನುವ 'ಫೇಲಿಂಗ್ ಡ್ರೈವ್'ಗೂ ಏನು ಬರೆಯಲಿ?

ಉತ್ತರ 1

'ಚಾಲಕ' ತೆಗೆಯಿರಿ. ಅದು ಬಸ್ಸು ಓಡಿಸುವವರಿಗೆ ಇರುವ ಪದ. ಬ್ಯಾಡ್ ಸೆಕ್ಟರನ್ನು ಬ್ಯಾಡ್ ಸೆಕ್ಟರ್ ಅನ್ನಿ. ಇದಕ್ಕೆಲ್ಲ ಪದ ಹುಟ್ಟಿಸುತ್ತಾ ಕೂರುವುದು ಸುಮ್ನೆ ಹೊತ್ತು ಹಾಳು.

ಉತ್ತರ 2

ಹುಟ್ಟಿಸಬೇಕಾಗಿಲ್ಲ ಸರ್, ಪದ ಆಗಲೇ ಇದೆ. ಯಾವುದಾದರೂ ಪಹಣಿ ತೆಗೆದು ನೋಡಿ. ಒಟ್ಟು ವಿಸ್ತೀರ್ಣ ಬರೆದು, ಖರಾಬು ಕಳೆದು, ಉಳಿದದ್ದನ್ನು ತೋರಿಸಿರುತ್ತಾರೆ. ಬಂಡೆ ಇರುವ, ಉಳಲು ಬಾರದ ಜಾಗ 'ಅ' ಖರಾಬು. ದಾರಿ, ಹಳ್ಳ ಹೋಗಿರುವುದು 'ಬ' ಖರಾಬು. ಅದು ಜಮೀನಿನ ಒಳಗೇ ಇದೆ, ಅಳತೆಗೂ ಬರುತ್ತದೆ, ಬೆಳೆಗೆ ಮಾತ್ರ ಇಲ್ಲ.

ಡಿಸ್ಕಿನ ಕಥೆಯೂ ಇದೇ ಅಲ್ವಾ? ಅದರ ಜಾಗ 512 ಬೈಟಿನ, ಈಚಿನವುಗಳಲ್ಲಿ 4096 ಬೈಟಿನ ತುಂಡುಗಳಾಗಿ ಇರುತ್ತದೆ. ಒಂದು ತುಂಡು ಕೆಟ್ಟರೆ ಡಿಸ್ಕ್ ಅದನ್ನು ಲೆಕ್ಕದಿಂದ ಬಿಟ್ಟು, ಮೊದಲೇ ಮೀಸಲಿಟ್ಟ ಬೇರೆ ತುಂಡನ್ನು ಬದಲಿಗೆ ಕೊಡುತ್ತದೆ. ಆ ಕೆಟ್ಟ ತುಂಡೇ ಖರಾಬು. ಹಳ್ಳಿಯ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮನೆಯಲ್ಲಿ ದಿನಾ ಕೇಳುವ ಮಾತು.

ಇನ್ನೂ ಒಂದು ಇದೆ. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ 'ಸ್ಮಾರ್ಟ್' ವರದಿಯಲ್ಲಿ 5ನೆಯ ಅಂಶ ಹೀಗೆ ಬದಲಿ ಕೊಟ್ಟಾದ ತುಂಡುಗಳ ಲೆಕ್ಕ. 197 ಅನ್ನುವುದು ಓದಲು ಬಾರದೆ ತೀರ್ಮಾನಕ್ಕೆ ಕಾದಿರುವ ತುಂಡುಗಳ ಲೆಕ್ಕ. ಅವುಗಳ ಮೇಲೆ ಹೊಸದಾಗಿ ಬರೆದಾಗ ಕೆಲವು ಸರಿಹೋಗುತ್ತವೆ. ಇವಕ್ಕೆ ನಾನು 'ಬೀಳು' ಅನ್ನುತ್ತೇನೆ. ಬೀಳು ಬಿಟ್ಟ ಹೊಲವನ್ನು ಮುಂದೆ ಉಳಬಹುದು, ಬಂಡೆಯ ಖರಾಬನ್ನು ಉಳಲಾಗದು. 'ದೋಷಯುಕ್ತ ವಲಯ'ದಲ್ಲಿ ಈ ಭೇದವೇ ಕಾಣುವುದಿಲ್ಲ.

'ವಿಫಲ'ವನ್ನೂ ಬಿಡಿ. ಅದು ಪ್ರಯತ್ನಕ್ಕೆ ಹೇಳುವ ಮಾತು. ಪಂಪ್‌ಸೆಟ್ಟಾಗಲಿ ಮಳೆಯಾಗಲಿ ನಮ್ಮ ಕಡೆ ಕೈಕೊಡುತ್ತದೆ. ಡಿಸ್ಕೂ ಕೈಕೊಡುತ್ತದೆ.

ಉತ್ತರ 3

ಖರಾಬು ಅರಬ್ಬಿ ಪದ. ಇಂಗ್ಲಿಷ್ ಬೇಡ ಎಂದು ಅರಬ್ಬಿ ತರುವುದು ಯಾವ ನ್ಯಾಯ? ಹಳಗನ್ನಡದ 'ಪಾೞ್' ಇದೆ. ಪಕಾರ ಹಕಾರವಾಗಿ 'ಹಾಳು' ಆಗಿದೆ. 'ಹಾಳು ತುಂಡು' ಎಂದು ಬರೆಯಿರಿ. ಹಾಗೇ 'ನಕಲು' ಎಂದೂ ಬರೆಯಬೇಡಿ, ಅದೂ ಅರಬ್ಬಿಯದೇ.

ಉತ್ತರ 4 (ಉತ್ತರ 2 ಬರೆದವನೇ)

ಮೂಲ ನೋಡಿ ಪದ ಬಿಡುವುದಾದರೆ ಅರಬ್ಬಿಯ ಅರ್ಜಿ, ವಕೀಲ, ಪಾರ್ಸಿಯ ಜಮೀನು ಎಲ್ಲವನ್ನೂ ಬಿಡಬೇಕು. 'ರೈತ' ಕೂಡ ಅರಬ್ಬಿಯಿಂದ ಬಂದದ್ದು. ರೈತನನ್ನು ಹೊರಗಿಟ್ಟು ಯಾವ ಕನ್ನಡ ಉಳಿಸುತ್ತೀರಿ? ಅಜ್ಜ ಆಡಿದ ಮಾತು ನನಗೆ ಕನ್ನಡವೇ.

'ಹಾಳು' ಒಳ್ಳೆಯ ಪದ, ಆದರೆ ಇಲ್ಲಿಗೆ ಜಾಸ್ತಿಯಾಯಿತು. ಅದನ್ನು ಓದಿದವರು ಪೂರ್ತಿ ಹೋಯಿತು ಅಂದುಕೊಂಡು ಕೈಬಿಡುತ್ತಾರೆ. ಇಲ್ಲಿ ಇನ್ನೂ ಉಳಿಸಿಕೊಳ್ಳುವ ಫೈಲುಗಳಿವೆ. 'ನಕಲು' ಬೇಡ ಅನ್ನುವುದನ್ನು ಒಪ್ಪುತ್ತೇನೆ, ಕಾರಣ ಬೇರೆ. ಶಾಲೆಯಲ್ಲಿ ನಕಲು ಅಂದರೆ ಪರೀಕ್ಷೆಯ ನಕಲೇ. 'ಕಾಪಿ ಮಾಡು' ಇರಲಿ.

ಉತ್ತರ 1 ಬರೆದವರಿಂದ

ಬೆಂಗಳೂರಿನ ಮಗುವಿಗೆ ಪಹಣಿ ಗೊತ್ತಿಲ್ಲ. ಇಷ್ಟೇ.

ಕೇಳಿದವರಿಂದ

ಈ ಗೋಡೆ ನಮ್ಮೂರಿನದು, ಇಲ್ಲಿ ಗೊತ್ತು. ಎಲ್ಲರಿಗೂ ವಂದನೆ. ಸೂಚನೆ ಹೀಗಿದೆ, ತಪ್ಪಿದ್ದರೆ ಇವತ್ತೇ ಹೇಳಿ:

'ಕಾಪಿ ಅರ್ಧಕ್ಕೆ ನಿಂತರೆ ಮತ್ತೆ ಮತ್ತೆ ಒತ್ತಬೇಡಿ. ಡಿಸ್ಕಿನಲ್ಲಿ ಖರಾಬು ಜಾಗ ಇರಬಹುದು. ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಂ) ಓಡಿಸುವ ಮೊದಲು ಬೇಕಾದ ಫೈಲುಗಳನ್ನು ಬೇರೆ ಕಡೆ ತೆಗೆದಿಡಿ. ಕಟಕಟ ಸದ್ದು ಬಂದರೆ ಡಿಸ್ಕ್ ಕೈಕೊಡುತ್ತಿದೆ. ಮಷೀನ್ ಆಫ್ ಮಾಡಿ ಮೇಷ್ಟ್ರಿಗೆ ತಿಳಿಸಿ.'

ಉತ್ತರ 5 (ಮತ್ತೆ ನಾನೇ, ಉತ್ತರ 2ರವನು)

'ಇರಬಹುದು' ಅಂತ ಬರೆದದ್ದು ತುಂಬ ಒಳ್ಳೆಯದಾಯಿತು, ಅದನ್ನು ತೆಗೆಯಬೇಡಿ. ಕೇಬಲ್ ಸಡಿಲವಾಗಿದ್ದರೂ ಕಾಪಿ ನಿಲ್ಲಬಹುದು. ಆಗ ಸ್ಮಾರ್ಟ್ ವರದಿಯಲ್ಲಿ ಕೇಬಲ್ ದಾಟುವಾಗಿನ ತಪ್ಪುಗಳನ್ನು ಎಣಿಸುವ 199ನೆಯ ಅಂಶದ ಸಂಖ್ಯೆ ಏರುತ್ತದೆ, 5 ಮತ್ತು 197 ಸುಮ್ಮನಿರುತ್ತವೆ. ಅಂಥ ಡಿಸ್ಕಿನಲ್ಲಿ ಖರಾಬು ಇಲ್ಲ. 'ಮೇಷ್ಟ್ರು ಮೊದಲು ಕೇಬಲ್ ನೋಡಬೇಕು' ಅಂತ ಕೆಳಗೆ ಒಂದು ಸಾಲು ಸೇರಿಸಿ ಪ್ರಿಂಟಿಗೆ ಕೊಡಿ.