ಟ್ಯೂಬುಲರ್ ಬೆಲ್ಸ್: ಮೈಕ್ ಓಲ್ಡ್‌ಫೀಲ್ಡ್ ಒಬ್ಬನೇ ನುಡಿಸಿದ್ದು ಎಷ್ಟು?

ಮಂದ್ರಷಡ್ಜ: ಬ್ರಿಟಿಷ್ ಸಂಗೀತಗಾರ ಓಲ್ಡ್‌ಫೀಲ್ಡ್‌ನ 1973ರ ವಾದ್ಯಸಂಗೀತದ ಎಲ್‌ಪಿ ಆಲ್ಬಮ್ 'ಟ್ಯೂಬುಲರ್ ಬೆಲ್ಸ್' ಪೂರ್ತಿ ಅವನೊಬ್ಬನದೇ ಕೈಚಳಕ ಅಂತ ಬರೆಯೋರು ಒಮ್ಮೆ ಕವರ್ ತಿರುಗಿಸಿ ನೋಡಿ ಸ್ವಾಮಿ. ಡ್ರಮ್ಸ್ ಸ್ಟೀವ್ ಬ್ರೌಟನ್, ಕೊಳಲು ಜಾನ್ ಫೀಲ್ಡ್, ಸ್ಟ್ರಿಂಗ್ ಬಾಸ್ ಲಿಂಡ್ಸೆ ಕೂಪರ್. ಹಿನ್ನೆಲೆ ದನಿಯಲ್ಲಿ ಅವನ ಅಕ್ಕ ಸ್ಯಾಲಿ ಇದ್ದಾಳೆ.

ರೀಲ್‌ರಾಯ: ಡ್ರಮ್ಸ್ ಬರೋದು ಎರಡನೇ ಬದಿಯ ಒಂದು ಭಾಗದಲ್ಲಿ ಮಾತ್ರ. ಗಿಟಾರ್, ಬಾಸ್ ಗಿಟಾರ್, ಪಿಯಾನೊ, ಆರ್ಗನ್, ಗ್ಲಾಕನ್‌ಸ್ಪೀಲ್ (ಲೋಹದ ಪಟ್ಟಿ ಬಡಿದು ನುಡಿಸುವ ವಾದ್ಯ) ಎಲ್ಲ ಓಲ್ಡ್‌ಫೀಲ್ಡ್‌ನೇ, ಆಗಿನ್ನೂ 19 ವರ್ಷ. ಅದಕ್ಕೂ ಮುಂಚಿನ ಡೆಮೊ ನೋಡಿ. ಗಾಯಕ ಕೆವಿನ್ ಏರ್ಸ್ ಹತ್ತಿರ ಎರವಲು ತಂದ ಬಿಯೊಕಾರ್ಡ್ ಟೇಪ್ ರೆಕಾರ್ಡರಿನಲ್ಲಿ ಅಳಿಸುವ ಹೆಡ್ಡಿಗೆ ರಟ್ಟು ಅಡ್ಡ ಇಟ್ಟ. ಟೇಪು ಆ ಹೆಡ್ಡನ್ನು ಮುಟ್ಟದಿದ್ದರೆ ಹಳೆಯದು ಉಳಿಯುತ್ತೆ, ಹೊಸದು ಮೇಲೆ ಕೂರುತ್ತೆ.

ತಂತಿಮನೆ: ಪೂರ್ತಿ ಉಳಿಯಲ್ಲ ಸಾರ್. ರೆಕಾರ್ಡ್ ಹೆಡ್ಡಿನ ಬಯಾಸ್ ಕರೆಂಟೂ (ದನಿ ಸರಿಯಾಗಿ ಅಚ್ಚಾಗಲಿ ಅಂತ ಜೊತೆಗೆ ಹರಿಸುವ ವಿದ್ಯುತ್ತು) ಹಳೇ ದನಿಯನ್ನು ಸ್ವಲ್ಪ ಒರೆಸುತ್ತೆ, ಮೊದಲು ಹೋಗೋದು ತಾರಸ್ಥಾಯಿಯ ಹೊಳಪು. ಹಾಗಾಗಿ ಬಾಸ್ ಮೊದಲು, ಗ್ಲಾಕನ್‌ಸ್ಪೀಲಿನಂಥವು ಕೊನೆಗೆ. ನಾಲ್ಕನೇ ಪದರದಲ್ಲಿ ಕೈ ತಪ್ಪಿದರೆ ಮೊದಲ ಮೂರೂ ಹೋದವು ಅಂತಲೇ ಲೆಕ್ಕ.

ಮಂದ್ರಷಡ್ಜ: ಅದೇ ನಾನು ಹೇಳ್ತಿರೋದು, ಇದು ಟೇಪಿನ ಕರಾಮತ್ತು. 1973ರ ಜೂನ್ 25ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ನುಡಿಸುವಾಗ ಗಿಟಾರಿಗೇ ಮಿಕ್ ಟೇಲರ್, ಸ್ಟೀವ್ ಹಿಲೇಜ್ ಅಂತ ಒಂದು ದಂಡೇ ಬೇಕಾಯ್ತು. ಆಲ್ಬಮ್ಮಿನಲ್ಲಿ ವಾದ್ಯಗಳ ಹೆಸರು ಸಾರುವ ವಿವಿಯನ್ ಸ್ಟ್ಯಾನ್‌ಶಲ್ 'ಡಬಲ್ ಸ್ಪೀಡ್ ಗಿಟಾರ್' ಅಂತ ಕೂಗಿ ಹೇಳೋದು ಏನು ಮತ್ತೆ?

ತಂತಿಮನೆ: ಟೇಪನ್ನು ಅರ್ಧ ವೇಗಕ್ಕಿಳಿಸಿ ಗಿಟಾರ್ ನುಡಿಸಿ ರೆಕಾರ್ಡ್ ಮಾಡಿದರೆ, ಮಾಮೂಲಿ ವೇಗದಲ್ಲಿ ಅದು ಒಂದು ಸ್ಥಾಯಿ ಮೇಲೆ ಕೇಳುತ್ತೆ. ಸುಲಭ ಅಂದ್ಕೋಬೇಡಿ. ಬೆರಳಿನ ಕಂಪನವೂ ಎರಡು ಪಟ್ಟಾಗುತ್ತೆ, ತಡೆದು ನುಡಿಸದಿದ್ದರೆ ಮೇಕೆ ಅರಚಿದ ಹಾಗಿರುತ್ತೆ. ವೇಗ ಕರಾರುವಾಕ್ಕಾಗಿ ಅರ್ಧ ಆಗದಿದ್ದರೆ ಪಿಯಾನೊ ಜೊತೆ ಶ್ರುತಿಯೇ ಕೂರಲ್ಲ.

ಏಳೆಂಟು: ಶುರುವಿನ ಪಿಯಾನೊ ಬಗ್ಗೆ ಯಾರೂ ಮಾತಾಡ್ತಿಲ್ಲ. ಏಳು, ಎಂಟು ಸೇರಿ 15ರ ಆವರ್ತ. 'ತಕಿಟ ತಕದಿಮಿ, ತಕದಿಮಿ ತಕಜನು' ಅಂತ ಲೆಕ್ಕ ಹಾಕಿ. ಇನ್ನೊಂದು ಮಾತ್ರೆ ಸೇರಿಸಿ 16 ಮಾಡಿದರೆ ಎಡವುವ ಸೊಗಸೇ ಹೋಗುತ್ತೆ. ಒಂದು ಹೆಚ್ಚುಕಮ್ಮಿಯಾದರೆ ಮೇಲಿನ ಪದರಗಳೆಲ್ಲ ಜಾರುತ್ತವೆ. ಇಷ್ಟನ್ನು ತಲೆಯಲ್ಲಿ ಇಟ್ಕೊಂಡು ಮ್ಯಾನರ್ ಸ್ಟುಡಿಯೊದ 16 ಟ್ರ್ಯಾಕ್ (16 ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ) ಯಂತ್ರದಲ್ಲಿ ಮೊದಲ ಬದಿಯನ್ನು ಸುಮಾರು ಒಂದು ವಾರದಲ್ಲಿ ಮುಗಿಸಿದವನಿಗೆ ಕರಾಮತ್ತು ಅನ್ನೋದು ತೀರಾ ಹೆಚ್ಚಾಯ್ತು ಮಾರಾಯ್ರೆ.

ಮಂದ್ರಷಡ್ಜ: ನಿರ್ಮಾಪಕರಾದ ಟಾಮ್ ನ್ಯೂಮನ್, ಸೈಮನ್ ಹೇವರ್ತ್ ಪಕ್ಕದಲ್ಲಿ ಕೂತು ಮಿಕ್ಸ್ ಮಾಡಿದ್ದೂ ಸೇರಿಸಿ. 'ಒಬ್ಬನೇ ಕಟ್ಟಿದ' ಅನ್ನಿ, ಒಪ್ತೀನಿ. 'ಒಬ್ಬನೇ ನುಡಿಸಿದ' ಅನ್ನಬೇಡಿ.

ರೀಲ್‌ರಾಯ: ಸರಿ ಬಿಡಿ. ಈಗಲೂ ರೀಲ್ ಟೇಪಿನಲ್ಲಿ ಪದರ ಹಾಕೋರಿಗೆ ಒಂದು ಮಾತು. ಪ್ರತಿ ಪದರಕ್ಕೂ ಟೇಪು ಹೆಡ್ಡಿನ ಮೇಲೆ ಮತ್ತೆ ಓಡಬೇಕು. 1975ರ 'ಓಮಡಾನ್' ಆಲ್ಬಮ್ ಮಾಡುವಾಗ ಟೇಪಿನ ಆಕ್ಸೈಡ್ (ದನಿ ಹಿಡಿದಿಡುವ ಲೇಪ) ಉದುರತೊಡಗಿ ಓಲ್ಡ್‌ಫೀಲ್ಡ್ ಮೊದಲ ಬದಿಯನ್ನು ಮತ್ತೆ ಶುರುವಿಂದ ನುಡಿಸಬೇಕಾಯ್ತು. ಹೆಡ್ಡಿನ ಮೇಲೆ ಕಂದು ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಹೆಡ್ಡು ಒರೆಸಿ, ಮೊದಲು ಬೇರೆ ಟೇಪಿಗೆ ನಕಲು ತೆಗೀರಿ.